ಹಳದಿ ಚಾಪೆ

ಚಿತ್ರ ಬಿಡಿಸುವ ಪೀರಿಯಡ್. ಬೆಳಗಿನ ಆಕಾಶ ಬಿಡಿಸಿ ಅಂತ ಒಂದನೇ ಕ್ಲಾಸಿನ ಮಕ್ಕಳಿಗೆ ಹೇಳಿದ್ದೆ. ಒಬ್ಬ ಹುಡುಗಿ ಎರಡು ಬೆಟ್ಟ ಬಿಡಿಸಿದಳು, ನಾಲ್ಕು ಹಕ್ಕಿ ಬಿಡಿಸಿದಳು, ಬೆಟ್ಟಗಳ ನಡುವೆ ದೊಡ್ಡದೊಂದು ಸೂರ್ಯನನ್ನೂ ಬಿಡಿಸಿದಳು. ಬೆಟ್ಟಕ್ಕೆ ಬಣ್ಣ ಬಂತು, ಹಕ್ಕಿಗೆ ಬಂತು. ಸೂರ್ಯ ಮಾತ್ರ ಬೆಳ್ಳಗೆ ಉಳಿದ. ಅವಳ ಮೊಣಕೈ ಪಕ್ಕದಲ್ಲೇ ಹಳದಿ ಕ್ರೇಯಾನ್ ಬಿದ್ದಿತ್ತು. ಕಾಣಲಿಲ್ಲವೇನೋ ಅಂದುಕೊಂಡು ಎತ್ತಿ ಕೊಟ್ಟೆ. ಅವಳು ಅದನ್ನು ಒಂದೇ ಬೆರಳಿನಿಂದ ಮೆಲ್ಲಗೆ ಆಚೆ ತಳ್ಳಿದಳು. ‘ಬೇಡ ಮಿಸ್. ಅದು ಓದೋಕೆ ಬರ್ದೇ ಇರೋರ ಬಣ್ಣ’ ಅಂದಳು. ಅವಳು ದಿನಾ ಕೂರುತ್ತಿದ್ದದ್ದು ಹಳದಿ ಚಾಪೆಯ ಮೇಲೆ.

ಆ ಚಾಪೆಗಳನ್ನು ಆರಿಸಿ ತಂದವಳು ನಾನೇ. ಹಸಿರು, ನೀಲಿ, ಹಳದಿ. ಒಂದು, ಎರಡು, ಮೂರು ಅಂತ ಗುಂಪಿಗೆ ಹೆಸರಿಟ್ಟರೆ ಮಕ್ಕಳಿಗೆ ಗೊತ್ತಾಗಿಬಿಡುತ್ತದೆ, ಬಣ್ಣಕ್ಕೆ ಮೇಲು ಕೀಳು ಇಲ್ಲ ಅಲ್ವಾ ಅಂತ ಯೋಚಿಸಿಯೇ ಬಣ್ಣ ಆರಿಸಿದ್ದೆ. ಯಾವ ಗುಂಪು ಯಾವುದು ಅಂತ ಒಂದು ದಿನವೂ ಬಾಯಿಬಿಟ್ಟು ಹೇಳಿದವಳಲ್ಲ. ಆದರೂ ಆರು ವರ್ಷದ ಮಗು ಅದನ್ನು ಕಂಡುಹಿಡಿದಿತ್ತು. ಹಸಿರು ಚಾಪೆಯವರ ಕೈಯಲ್ಲಿ ದಪ್ಪ ಪುಸ್ತಕ ಇತ್ತು. ಹಳದಿ ಚಾಪೆಯವರ ಕೈಯಲ್ಲಿ ಅಕ್ಷರದ ಕಾರ್ಡು ಇತ್ತು. ಇದಕ್ಕಿಂತ ಜಾಸ್ತಿ ಸುಳಿವು ಯಾರಿಗೆ ಬೇಕು?

ನಾನು ಪಾಠ ಹೇಳುವುದು ಬಿಟ್ಟು ಈಗ ಕೆಲವು ವರ್ಷ ಆಯಿತು. ಎಷ್ಟೋ ಮಕ್ಕಳ ಹೆಸರು ಮರೆತುಹೋಗಿದೆ. ಆ ಬೆಳ್ಳನೆಯ ಸೂರ್ಯ ಮರೆತಿಲ್ಲ. ಇತ್ತೀಚೆಗೆ ಪರಿಚಯದವರೊಬ್ಬರು ತಮ್ಮ ಮಗ ‘ಕೊನೇ ಗ್ರೂಪಿಗೆ’ ಬಿದ್ದಿದ್ದಾನೆ ಅಂತ ಬೇಜಾರು ಮಾಡಿಕೊಂಡರು. ಹುಟ್ಟಿದ ತಿಂಗಳು ಯಾವುದು ಅಂತ ಕೇಳಿದೆ. ಅವರಿಗೆ ಆಶ್ಚರ್ಯ ಆಯಿತು. ಅದಕ್ಕೂ ಇದಕ್ಕೂ ಏನು ಸಂಬಂಧ ಅಂದರು. ಈ ಬರಹ ಆ ಪ್ರಶ್ನೆಗೆ ನಾನು ಆವತ್ತು ಸರಿಯಾಗಿ ಕೊಡಲಾಗದ ಉತ್ತರ.

ಎರಡು ವಾರದಲ್ಲಿ ಅಳೆದದ್ದು

ನನ್ನ ಕ್ಲಾಸಿನಲ್ಲಿ 31 ಮಕ್ಕಳಿದ್ದರು. ಶಾಲೆ ಶುರುವಾದ ಮೊದಲ ಎರಡು ವಾರ ಒಬ್ಬೊಬ್ಬರನ್ನೇ ಮೇಜಿನ ಹತ್ತಿರ ಕರೆದು ನೋಡುತ್ತಿದ್ದೆ. ಅಕ್ಷರ ತೋರಿಸಿದರೆ ಗುರುತಿಸುತ್ತಾರಾ, ಎರಡಕ್ಷರದ ಪದ ಕೂಡಿಸಿ ಓದುತ್ತಾರಾ, ಹೆಸರು ಬರೆಯುತ್ತಾರಾ, ಇಪ್ಪತ್ತು ಗುಂಡಿಗಳನ್ನು ತಪ್ಪದೆ ಎಣಿಸುತ್ತಾರಾ, ಒಂದು ಪುಟ್ಟ ಕಥೆ ಹೇಳಿದರೆ ತಿರುಗಿ ಹೇಳುತ್ತಾರಾ. ಒಬ್ಬರಿಗೆ ಹತ್ತು ನಿಮಿಷ. ಆ ಹತ್ತು ನಿಮಿಷದ ಮೇಲೆ ವರ್ಷದ ಚಾಪೆ ನಿರ್ಧಾರ ಆಗುತ್ತಿತ್ತು. ಯಾರನ್ನೂ ಬದಲಾಯಿಸಬಾರದು ಅಂತ ನಿಯಮ ಏನೂ ಇರಲಿಲ್ಲ. ಬೇಕಾದರೆ ಮೇಲಕ್ಕೆ ಕಳಿಸಬಹುದಿತ್ತು. ಇಡೀ ವರ್ಷದಲ್ಲಿ ಹಾಗೆ ಹೋದವರು ಇಬ್ಬರು.

ಗುಂಪು ಮಾಡುವುದರಲ್ಲಿ ಕೆಟ್ಟ ಉದ್ದೇಶ ಇರಲಿಲ್ಲ. ಒಬ್ಬಳೇ ಟೀಚರ್. ಕೆಲವು ಮಕ್ಕಳು ಒತ್ತಕ್ಷರ ದಾಟಿ ಕಥೆ ಓದುತ್ತಿದ್ದಾರೆ, ಕೆಲವರು ‘ಮ’ ಯಾವುದು ‘ಯ’ ಯಾವುದು ಅಂತ ತಡಕಾಡುತ್ತಿದ್ದಾರೆ. ಎಲ್ಲರಿಗೂ ಒಂದೇ ಪಾಠ ಹೇಳಿದರೆ ಒಬ್ಬರಿಗೆ ಬೇಜಾರು, ಇನ್ನೊಬ್ಬರಿಗೆ ಭಯ. ಒಂದೇ ಮಟ್ಟದವರನ್ನು ಒಟ್ಟಿಗೆ ಕೂರಿಸಿದರೆ ಅವರವರಿಗೆ ಬೇಕಾದ್ದು ಕೊಡಬಹುದು. ಇದು ತಲೆಗೆ ಹೊಳೆಯುವ ಮೊದಲ ದಾರಿ, ಈಗಲೂ ತಪ್ಪು ದಾರಿ ಅಂತ ಪೂರ್ತಿ ತಳ್ಳಿಹಾಕಲಾರೆ. ಆದರೆ ನಾನು ಅಳೆಯುತ್ತಿದ್ದದ್ದು ಏನನ್ನು? ಬುದ್ಧಿ ಅಂದುಕೊಂಡಿದ್ದೆ. ಬೇರೆ ಟೀಚರ್‌ಗಳ ಜೊತೆ ಮಾತಾಡುವಾಗ ‘ಚುರುಕು’, ‘ಪರವಾಗಿಲ್ಲ’, ‘ಸ್ವಲ್ಪ ನಿಧಾನ’ ಅನ್ನುತ್ತಿದ್ದೆವು. ಈ ಮೂರೇ ಮಾತು ಇಡೀ ಸ್ಟಾಫ್ ರೂಮಿನಲ್ಲಿ ಓಡಾಡುತ್ತಿತ್ತು. ಮುಂದಿನ ವರ್ಷದ ಟೀಚರ್‌ಗೂ ಮಗುವಿಗಿಂತ ಮೊದಲು ಆ ಮಾತೇ ತಲುಪುತ್ತಿತ್ತು.

ಹುಟ್ಟಿದ ದಿನಾಂಕದ ಕಾಲಂ

ವರ್ಷದ ನಡುವೆ ಒಂದು ಸಂಜೆ. ಯಾವುದೋ ಫಾರಂ ತುಂಬಬೇಕಿತ್ತು. ದಾಖಲಾತಿ ಪುಸ್ತಕದಿಂದ ಎಲ್ಲ ಮಕ್ಕಳ ಹುಟ್ಟಿದ ದಿನಾಂಕ ನಕಲು ಮಾಡುತ್ತಾ ಕೂತಿದ್ದೆ. ಅಕ್ಷರದ ಕ್ರಮದಲ್ಲಿ ಬರೆದರೆ ಸಾಕಿತ್ತು. ಆದರೆ ನನಗೆ ಮಕ್ಕಳು ನೆನಪಿರುತ್ತಿದ್ದದ್ದು ಚಾಪೆಯ ಲೆಕ್ಕದಲ್ಲಿ. ಹಾಗಾಗಿ ಮೊದಲು ಹಸಿರಿನವರು, ಆಮೇಲೆ ನೀಲಿ, ಕೊನೆಗೆ ಹಳದಿ ಅಂತ ಬರೆದುಕೊಂಡು ಹೋದೆ. ಹಳದಿಯ ಹತ್ತಿರ ಬಂದಾಗ ಕೈ ನಿಂತಿತು. ಒಂದೇ ಮೂರು ನಾಲ್ಕು ತಿಂಗಳು ಮತ್ತೆ ಮತ್ತೆ ಬರುತ್ತಿತ್ತು. ಹಳದಿ ಚಾಪೆಯ ಒಂಬತ್ತು ಮಕ್ಕಳಲ್ಲಿ ಏಳು ಜನ ಸೇರ್ಪಡೆಯ ಕೊನೆಯ ದಿನಾಂಕಕ್ಕೆ (ಆ ದಿನದೊಳಗೆ ಹುಟ್ಟಿದವರಿಗೆ ಮಾತ್ರ ಆ ವರ್ಷ ಸೇರ್ಪಡೆ) ಹತ್ತಿರದ ನಾಲ್ಕು ತಿಂಗಳಲ್ಲಿ ಹುಟ್ಟಿದವರು. ಅಂದರೆ ಕ್ಲಾಸಿನಲ್ಲೇ ಎಲ್ಲರಿಗಿಂತ ಚಿಕ್ಕವರು. ಹಸಿರು ಚಾಪೆಯ ಹತ್ತು ಜನರಲ್ಲಿ ಆ ತಿಂಗಳುಗಳವಳು ಒಬ್ಬಳೇ.

ಪೆನ್ನು ಕೆಳಗಿಟ್ಟೆ. ಈ ಕಾಲಂ ಮೊದಲ ದಿನದಿಂದ ನನ್ನ ಮೇಜಿನ ಮೇಲೇ ಇತ್ತು. ಹೆಸರು, ಅಪ್ಪನ ಹೆಸರು, ಅಮ್ಮನ ಹೆಸರು, ಹುಟ್ಟಿದ ದಿನಾಂಕ. ದಿನಾ ನೋಡುತ್ತಿದ್ದೆ. ಹುಟ್ಟುಹಬ್ಬದ ದಿನ ಚಪ್ಪಾಳೆ ತಟ್ಟಿಸುವುದಕ್ಕೆ ಬಿಟ್ಟರೆ ಅದರಿಂದ ಬೇರೇನೂ ತಿಳಿಯಬಹುದು ಅಂತ ಹೊಳೆದಿರಲಿಲ್ಲ.

ಲೆಕ್ಕ ತುಂಬ ಸರಳ. ಒಂದೇ ಕ್ಲಾಸಿನ ದೊಡ್ಡ ಮಗುವಿಗೂ ಚಿಕ್ಕ ಮಗುವಿಗೂ ಹೆಚ್ಚುಕಡಿಮೆ ಒಂದು ವರ್ಷದ ಅಂತರ ಇರಬಹುದು. 40 ವಯಸ್ಸಿನವರಿಗೂ 41 ವಯಸ್ಸಿನವರಿಗೂ ನಡುವೆ ಏನು ವ್ಯತ್ಯಾಸ? ಏನೂ ಇಲ್ಲ. ಆದರೆ ಆರು ವರ್ಷದ ಮಗುವಿಗೆ ಒಂದು ವರ್ಷ ಅಂದರೆ ಅದುವರೆಗಿನ ಬದುಕಿನ ಆರನೇ ಒಂದು ಭಾಗ. ಮಾತು ಶುರುವಾದ ದಿನದಿಂದ ಲೆಕ್ಕ ಹಾಕಿದರೆ ಇನ್ನೂ ದೊಡ್ಡ ಭಾಗ. ಒಬ್ಬಳಿಗೆ ಕಥೆ ಕೇಳಲು, ಪ್ರಶ್ನೆ ಕೇಳಲು, ಪುಸ್ತಕದ ಪುಟ ತಿರುಗಿಸಲು, ಜಗಳ ಆಡಲು ಒಂದಿಡೀ ವರ್ಷ ಜಾಸ್ತಿ ಸಿಕ್ಕಿದೆ. ಆಮೇಲೆ ಇಬ್ಬರನ್ನೂ ಅಕ್ಕಪಕ್ಕ ಕೂರಿಸಿ, ಯಾರು ಚುರುಕು ನೋಡೋಣ ಅಂತ ಒಂದೇ ಹಾಳೆ ಕೊಡುತ್ತೇವೆ.

ಕೈಬರಹವನ್ನೇ ತೆಗೆದುಕೊಳ್ಳಿ. ನಮ್ಮ ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳಿವೆ. ಹುಟ್ಟುವಾಗ ಅವು ಮೂಳೆಯೇ ಅಲ್ಲ, ಕಿವಿಯ ಅಂಚಿನ ಹಾಗೆ ಬಾಗುವ ಮೃದು ಎಲುಬು. ಒಂದೊಂದಾಗಿ ವರ್ಷಗಟ್ಟಲೆ ಸಮಯ ತೆಗೆದುಕೊಂಡು ಗಟ್ಟಿಯಾಗುತ್ತವೆ. ಕೊನೆಯದರ ಸರದಿ ಬರುವುದು ಸಾಮಾನ್ಯವಾಗಿ ಎಂಟು ವರ್ಷ ದಾಟಿದ ಮೇಲೆ. ಹುಡುಗಿಯರಿಗೆ ಬೇಗ, ಹುಡುಗರಿಗೆ ನಿಧಾನ. ಹಳದಿ ಚಾಪೆಯಲ್ಲಿ ಒಬ್ಬ ಹುಡುಗ ಇದ್ದ. ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿಯುತ್ತಿದ್ದ. ಬರೆಯುವಾಗ ನಾಲಿಗೆ ತುದಿ ಹೊರಗೆ ಬರುತ್ತಿತ್ತು, ಭುಜ ಕಿವಿಯವರೆಗೂ ಏರುತ್ತಿತ್ತು. ನಾಲ್ಕು ಅಕ್ಷರ ಬರೆಯುವಷ್ಟರಲ್ಲಿ ಕೈ ಒದರುತ್ತಿದ್ದ. ಹಾಳೆಯ ಹಿಂಬದಿ ಮುಟ್ಟಿದರೆ ಅಕ್ಷರ ಉಬ್ಬಿಕೊಂಡಿರುವುದು ಬೆರಳಿಗೆ ಗೊತ್ತಾಗುತ್ತಿತ್ತು, ಅಷ್ಟು ಒತ್ತುತ್ತಿದ್ದ. ‘ಬರವಣಿಗೆ ಆಸಕ್ತಿ ಇಲ್ಲ’ ಅಂತ ಅವನ ಪುಸ್ತಕದಲ್ಲಿ ಬರೆದಿದ್ದೆ. ಮೈಯೆಲ್ಲ ಸೇರಿಸಿ ಬರೆಯುತ್ತಿದ್ದ ಹುಡುಗನಿಗೆ ಆಸಕ್ತಿ ಇಲ್ಲ ಅಂತ.

ನನ್ನೊಬ್ಬಳ ಕಣ್ಣಿಗೆ ಬಿದ್ದದ್ದಲ್ಲ

ಆವತ್ತಿನಿಂದ ಈ ವಿಷಯ ಎಲ್ಲಿ ಸಿಕ್ಕಿದರೂ ಓದುತ್ತಾ ಬಂದೆ. ಇದು ಶಾಲೆಯಲ್ಲಿ ಮಾತ್ರ ಅಲ್ಲ, ಆಟದಲ್ಲೂ ಕಂಡಿದೆ. ಕೆನಡಾದಲ್ಲಿ ಐಸ್ ಹಾಕಿ ಆಡುವ ಮಕ್ಕಳನ್ನು ಜನವರಿ 1ರ ಲೆಕ್ಕದಲ್ಲಿ ವಯಸ್ಸಿನ ಗುಂಪು ಮಾಡುತ್ತಾರೆ. 1985ರಲ್ಲಿ ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್ಸ್‌ಲಿ ಮತ್ತು ಅವರ ಜೊತೆಗಾರರು ಹೆಸರು ಮಾಡಿದ ಆಟಗಾರರ ಹುಟ್ಟಿದ ತಿಂಗಳು ನೋಡಿದರು. ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರು ತುಂಬಿಕೊಂಡಿದ್ದರು, ಕೊನೆಯ ತಿಂಗಳುಗಳವರು ತೀರಾ ಕಡಿಮೆ. ಚಿಕ್ಕವರಿದ್ದಾಗ ಜನವರಿಯ ಹುಡುಗ ಡಿಸೆಂಬರಿನ ಹುಡುಗನಿಗಿಂತ ಎತ್ತರ ಇದ್ದ. ಅದನ್ನೇ ಪ್ರತಿಭೆ ಅಂದುಕೊಂಡು ಆರಿಸಿದರು. ಆರಿಸಿದ ಮೇಲೆ ಒಳ್ಳೆಯ ಕೋಚ್, ಜಾಸ್ತಿ ಅಭ್ಯಾಸ, ಜಾಸ್ತಿ ಪಂದ್ಯ. ಕೊನೆಗೆ ನಿಜಕ್ಕೂ ಒಳ್ಳೆಯ ಆಟಗಾರನಾದ. ಮೊದಲು ತಪ್ಪು ಅಳತೆ, ಆಮೇಲೆ ಆ ಅಳತೆಯೇ ತನ್ನನ್ನು ತಾನು ನಿಜ ಮಾಡಿಕೊಂಡಿತು.

ಓದಿನಲ್ಲೂ ಇದೇ ಕಥೆ. ಕೆಲ್ಲಿ ಬೆಡಾರ್ಡ್ ಮತ್ತು ಎಲಿಜಬೆತ್ ಡ್ಯೂಯಿ ಎಂಬ ಇಬ್ಬರು ಅರ್ಥಶಾಸ್ತ್ರಜ್ಞೆಯರು ಹಲವು ದೇಶಗಳ ಮಕ್ಕಳ ಗಣಿತ, ವಿಜ್ಞಾನದ ಅಂಕಗಳನ್ನು 2006ರಲ್ಲಿ ಹೋಲಿಸಿದರು. ನೂರು ಮಕ್ಕಳನ್ನು ಅಂಕದ ಪ್ರಕಾರ ಸಾಲಾಗಿ ನಿಲ್ಲಿಸಿದರೆ, ನಾಲ್ಕನೇ ಕ್ಲಾಸಿನಲ್ಲಿ ತೀರಾ ಚಿಕ್ಕವರು ತೀರಾ ದೊಡ್ಡವರಿಗಿಂತ 4ರಿಂದ 12 ಸ್ಥಾನ ಹಿಂದೆ ಇರುತ್ತಿದ್ದರು. ಎಂಟನೇ ಕ್ಲಾಸಿಗೆ ಬಂದಾಗ 2ರಿಂದ 9 ಸ್ಥಾನ. ಕಡಿಮೆ ಆಗುತ್ತದೆ, ಆದರೆ ಪೂರ್ತಿ ಹೋಗುವುದಿಲ್ಲ. ನನಗೆ ನೋವಾದದ್ದು ಇಲ್ಲೇ. ಎಂಟನೇ ಕ್ಲಾಸಿನ ಹೊತ್ತಿಗೆ ಮಣಿಕಟ್ಟಿನ ಮೂಳೆಗಳೆಲ್ಲ ಗಟ್ಟಿಯಾಗಿರುತ್ತವೆ, ಪೆನ್ಸಿಲ್ ಹಿಡಿಯಲು ಎಲ್ಲರಿಗೂ ಬರುತ್ತದೆ. ಹಾಗಿದ್ದರೂ ಅಂತರ ಯಾಕೆ ಉಳಿಯಿತು? ಮಧ್ಯದಲ್ಲಿ ನಾವೇನು ಮಾಡಿದೆವು?

ಇದಕ್ಕೆ ಒಂದು ಉತ್ತರ ಇಂಗ್ಲೆಂಡಿನಿಂದ ಬಂತು. ಅಲ್ಲಿ ಶಾಲೆಯ ವರ್ಷ ಸೆಪ್ಟೆಂಬರ್ 1ರಿಂದ ಲೆಕ್ಕ. ಸೆಪ್ಟೆಂಬರಿನಲ್ಲಿ ಹುಟ್ಟಿದವರು ಕ್ಲಾಸಿಗೇ ದೊಡ್ಡವರು, ಆಗಸ್ಟಿನವರು ಚಿಕ್ಕವರು. ಚಿಕ್ಕ ವಯಸ್ಸಿನಲ್ಲೇ ಮಕ್ಕಳನ್ನು ಮಟ್ಟದ ಪ್ರಕಾರ ಗುಂಪು ಮಾಡುವುದೂ ಅಲ್ಲಿ ತುಂಬ ರೂಢಿ. ಟ್ಯಾಮಿ ಕ್ಯಾಂಪ್‌ಬೆಲ್ ಎಂಬ ಸಂಶೋಧಕಿ 2013ರಲ್ಲಿ ಏಳು ವರ್ಷದ ಮಕ್ಕಳ ಬಗ್ಗೆ ಇದನ್ನೇ ನೋಡಿದರು. ಮೇಲಿನ ಗುಂಪಿನಲ್ಲಿ ಸೆಪ್ಟೆಂಬರಿನ ಆಸುಪಾಸಿನವರು ಜಾಸ್ತಿ, ಕೆಳಗಿನ ಗುಂಪಿನಲ್ಲಿ ಅಲ್ಲಿನ ಬೇಸಿಗೆಯ ಕೊನೆಗೆ, ಅಂದರೆ ಆಗಸ್ಟಿನ ಆಸುಪಾಸಿನಲ್ಲಿ ಹುಟ್ಟಿದವರು ಜಾಸ್ತಿ. ಇಷ್ಟು ಮೊದಲೇ ಊಹಿಸಬಹುದಿತ್ತು. ಮುಖ್ಯ ವಿಷಯ ಬೇರೆ. ಗುಂಪು ಮಾಡುವ ಕಡೆ, ಮಾಡದ ಕಡೆಗಿಂತ, ಟೀಚರ್ ಕಣ್ಣಿನಲ್ಲಿ ದೊಡ್ಡವರಿಗೂ ಚಿಕ್ಕವರಿಗೂ ಇರುವ ಅಂತರ ಇನ್ನೂ ದೊಡ್ಡದಾಗಿ ಕಾಣುತ್ತಿತ್ತು. ಅಂದರೆ ಚಾಪೆ ಸುಮ್ನೆ ಅಂತರವನ್ನು ತೋರಿಸುವುದಿಲ್ಲ. ಅದನ್ನು ಹಿಗ್ಗಿಸುತ್ತದೆ.

ಚಾಪೆಯ ಮೇಲೆ ಏನು ನಡೆಯುತ್ತಿತ್ತು

ಓದಿ ಮುಗಿಸಿದ ಮೇಲೆ ನನ್ನ ಕ್ಲಾಸನ್ನು ನೆನಪಿನಲ್ಲಿ ಮತ್ತೆ ನೋಡಿದೆ. ಹಸಿರು ಚಾಪೆಯಲ್ಲಿ ಇಪ್ಪತ್ತು ನಿಮಿಷಕ್ಕೆ ಮೂರು ಪುಟ ಕಥೆ. ಒಬ್ಬರು ಓದುವಾಗ ತಪ್ಪಿದರೆ ನಾನು ಮಧ್ಯೆ ಬಾಯಿ ಹಾಕುತ್ತಿರಲಿಲ್ಲ. ವಾಕ್ಯ ಮುಗಿಯಲಿ ಅಂತ ಬಿಡುತ್ತಿದ್ದೆ, ಮುಗಿಯುವಷ್ಟರಲ್ಲಿ ಅವರೇ ಸರಿ ಮಾಡಿಕೊಳ್ಳುತ್ತಿದ್ದರು. ನರಿ ಯಾಕೆ ಹಾಗೆ ಮಾಡಿತು, ನೀನಾಗಿದ್ದರೆ ಏನು ಮಾಡುತ್ತಿದ್ದೆ ಅಂತ ಮಾತು ಬೆಳೆಯುತ್ತಿತ್ತು. ಹಳದಿ ಚಾಪೆಯಲ್ಲಿ ಅದೇ ಇಪ್ಪತ್ತು ನಿಮಿಷ. ಕಾರ್ಡು ಎತ್ತುವುದು, ಅಕ್ಷರ ಹೇಳಿಸುವುದು, ಕಾಗುಣಿತ ಹೇಳಿಸುವುದು. ಒಂದು ಅಕ್ಷರ ತಪ್ಪಿದರೆ ತಕ್ಷಣ ತಿದ್ದುತ್ತಿದ್ದೆ. ಕಥೆಯೇ ಇರಲಿಲ್ಲ. ದಿನಕ್ಕೆ ಒಂದೆರಡು ಸಾಲು ಓದಿದರೆ ಜಾಸ್ತಿ. ಆ ಲೆಕ್ಕದಲ್ಲಿ ಒಂದು ವರ್ಷಕ್ಕೆ ಹಸಿರಿನ ಮಗು ಎಷ್ಟು ಓದಿತು, ಹಳದಿಯ ಮಗು ಎಷ್ಟು ಓದಿತು? ಓದು ಬರುವುದು ಓದುವುದರಿಂದಲೇ. ಓದಲು ಜಾಸ್ತಿ ಅವಕಾಶ ಬೇಕಾದವರಿಗೇ ಕಡಿಮೆ ಓದು ಕೊಟ್ಟೆ. ನಿಧಾನವಾಗಿ, ಸುಲಭವಾಗಿ, ಚಿಕ್ಕದಾಗಿ ಕೊಟ್ಟರೆ ಸಹಾಯ ಅಂದುಕೊಂಡಿದ್ದೆ.

ಇನ್ನೊಂದು ವಿಷಯ ಇನ್ನೂ ಸೂಕ್ಷ್ಮ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ಟೀಚರ್‌ಗಳು ಪ್ರಶ್ನೆ ಕೇಳಿದ ಮೇಲೆ ಎಷ್ಟು ಹೊತ್ತು ಕಾಯುತ್ತಾರೆ ಅಂತ ಟೇಪ್ ಇಟ್ಟು ಅಳೆದರು. ಸರಾಸರಿ ಒಂದು ಸೆಕೆಂಡ್. ಅಷ್ಟೇ. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದ ಆಗುತ್ತಿದ್ದವು, ಸುಮ್ಮನೆ ಕೂರುತ್ತಿದ್ದ ಮಕ್ಕಳೂ ಮಾತಾಡುತ್ತಿದ್ದರು. ಇನ್ನೂ ಒಂದು ಕಂಡರು: ಟೀಚರ್‌ಗಳು ಯಾರನ್ನು ಜಾಣರು ಅಂದುಕೊಂಡಿದ್ದರೋ ಅವರಿಗಾಗಿ ಜಾಸ್ತಿ ಹೊತ್ತು ಕಾಯುತ್ತಿದ್ದರು, ನಿಧಾನ ಅಂದುಕೊಂಡವರಿಗೆ ಕಡಿಮೆ. ಯೋಚಿಸಲು ಹೊತ್ತು ಬೇಕಾಗಿದ್ದದ್ದು ಯಾರಿಗೆ! ನಾನೂ ಹಾಗೇ ಮಾಡುತ್ತಿದ್ದೆ ಅಂತ ಖಾತ್ರಿಯಾಗಿ ಹೇಳಬಲ್ಲೆ. ಹಳದಿ ಮಗು ಸುಮ್ಮನಾದರೆ ಗೊತ್ತಿಲ್ಲ ಅಂದುಕೊಳ್ಳುತ್ತಿದ್ದೆ, ಮುಜುಗರ ಆಗದಿರಲಿ ಅಂತ ನಾನೇ ಉತ್ತರ ಹೇಳಿ ಮುಂದಕ್ಕೆ ಹೋಗುತ್ತಿದ್ದೆ. ಹಸಿರು ಮಗು ಸುಮ್ಮನಾದರೆ ಯೋಚಿಸುತ್ತಿದೆ ಅಂದುಕೊಂಡು ಕಾಯುತ್ತಿದ್ದೆ.

ಅವಸರದಲ್ಲಿ ಬಂದವನು

ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿಯುತ್ತಿದ್ದ ಆ ಹುಡುಗನ ಅಮ್ಮ ಒಂದು ದಿನ ಶಾಲೆಗೆ ಬಂದರು. ದಿನಾಂಕಗಳನ್ನು ನೋಡಿ ಒಂದು ವಾರ ಆಗಿತ್ತು, ಅದೇ ನನ್ನ ತಲೆಯಲ್ಲಿ ತುಂಬಿತ್ತು. ಮಕ್ಕಳ ಕುರ್ಚಿಯಲ್ಲಿ ಮಂಡಿ ಎತ್ತರಕ್ಕೆ ಬರುವ ಹಾಗೆ ಕೂತು, ಚೀಲವನ್ನು ತೊಡೆಯ ಮೇಲೆ ಬಿಗಿಯಾಗಿ ಹಿಡಿದುಕೊಂಡಿದ್ದರು. ನಾನು ಏನೂ ಹೇಳುವ ಮೊದಲೇ ‘ಮನೇಲಿ ದಿನಾ ಓದಿಸ್ತೀನಿ ಮಿಸ್’ ಅಂದರು. ತಪ್ಪು ಒಪ್ಪಿಸುವ ದನಿ. ನಿಮ್ಮ ಮಗ ಕ್ಲಾಸಿನಲ್ಲಿ ಎಲ್ಲರಿಗಿಂತ ಚಿಕ್ಕವನು, ಗೊತ್ತಾ ಅಂತ ಕೇಳಿದೆ. ಗೊತ್ತು ಅಂದರು. ಕೊನೆಯ ದಿನಾಂಕಕ್ಕೆ ಒಂಬತ್ತು ದಿನ ಮುಂಚೆ ಹುಟ್ಟಿದವನು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: ‘ಇವನು ಹುಟ್ಟಬೇಕಾಗಿದ್ದದ್ದು ಆಗ ಅಲ್ಲ ಮಿಸ್. ಇನ್ನೂ ಏಳು ವಾರ ಇತ್ತು. ಅವಸರ ಮಾಡಿ ಬಂದ. ಬಂದಮೇಲೆ ಯಾವುದಕ್ಕೂ ಅವಸರ ಇಲ್ಲ.’

ಏಳು ವಾರ. ತಿಂಗಳು ತುಂಬಿ ಹುಟ್ಟಿದ್ದರೆ ಆ ಹುಡುಗ ಆ ವರ್ಷ ನನ್ನ ಕ್ಲಾಸಿನಲ್ಲೇ ಇರುತ್ತಿರಲಿಲ್ಲ. ಮುಂದಿನ ವರ್ಷ ಬರುತ್ತಿದ್ದ, ಆಗ ಬಂದಿದ್ದರೆ ಕ್ಲಾಸಿನ ದೊಡ್ಡ ಮಕ್ಕಳಲ್ಲಿ ಒಬ್ಬನಾಗಿರುತ್ತಿದ್ದ. ಅದೇ ಹುಡುಗ, ಅದೇ ತಲೆ, ಅದೇ ಕೈ. ಯಾರಿಗೆ ಗೊತ್ತು, ಹಸಿರು ಚಾಪೆಯ ಮೇಲೇ ಕೂರುತ್ತಿದ್ದನೋ ಏನೋ. ತಾಯಿಯ ಹೊಟ್ಟೆಯಲ್ಲಿ ಇರಬೇಕಾಗಿದ್ದ ದಿನಗಳನ್ನೂ ನಾವು ಅವನ ವಯಸ್ಸಿಗೆ ಸೇರಿಸಿ ಲೆಕ್ಕ ಹಾಕಿದ್ದೆವು. ನಿಮ್ಮ ಮಗನಿಗೆ ಏನೂ ಕೊರತೆ ಇಲ್ಲ, ಅವನಿಗೆ ಹೊತ್ತು ಬೇಕು ಅಂದೆ. ಅವರು ತಲೆ ಆಡಿಸಿದರು. ನಂಬಿದರು ಅಂತ ಅನಿಸಲಿಲ್ಲ. ಆರು ತಿಂಗಳಿಂದ ಅವನ ಪುಸ್ತಕದಲ್ಲಿ ನಾನೇ ಬೇರೆ ಬರೆದಿದ್ದೆ ಅಲ್ವಾ.

ವಯಸ್ಸೇ ಎಲ್ಲದಕ್ಕೂ ಉತ್ತರವಲ್ಲ

ಇಲ್ಲಿ ನಾನು ಇನ್ನೊಂದು ತಪ್ಪು ಮಾಡುವುದರಲ್ಲಿದ್ದೆ. ಹಳದಿ ಚಾಪೆಯಲ್ಲಿ ಏಳು ಜನ ಚಿಕ್ಕವರು ಅಂದೆ. ಉಳಿದ ಇಬ್ಬರಲ್ಲಿ ಒಬ್ಬ ಇಡೀ ಕ್ಲಾಸಿಗೇ ಎರಡನೇ ಹಿರಿಯ. ಮಾತಿನಲ್ಲಿ ಚುರುಕು, ಲೆಕ್ಕ ಬಾಯಲ್ಲಿ ಮಾಡುತ್ತಿದ್ದ, ಕಥೆ ಹೇಳಿದರೆ ಒಂದು ವಿವರ ಬಿಡದೆ ತಿರುಗಿ ಹೇಳುತ್ತಿದ್ದ. ಅಕ್ಷರ ಮಾತ್ರ ಕೈಗೆ ಹತ್ತುತ್ತಿರಲಿಲ್ಲ. ನೆನ್ನೆ ಗುರುತಿಸಿದ್ದು ಇವತ್ತು ಹೊಸದು. ಅವನೂ ಆ ಅವಸರದ ಹುಡುಗನೂ ಅಕ್ಕಪಕ್ಕ ಕೂತು ಒಂದೇ ಕಾರ್ಡು ನೋಡುತ್ತಿದ್ದರು, ಇಬ್ಬರ ಬಾಯಿಂದಲೂ ಒಂದೇ ತಪ್ಪು ಬರುತ್ತಿತ್ತು. ನನ್ನ ಪಟ್ಟಿಯಲ್ಲಿ ಇಬ್ಬರೂ ಒಂದೇ. ಆದರೆ ಹನ್ನೊಂದು ತಿಂಗಳು ದೊಡ್ಡವನಾಗಿದ್ದೂ ಹಾಗಿದ್ದಾನೆ ಅಂದರೆ ಅದರ ಅರ್ಥ ಬೇರೆ. ಅವನಿಗೆ ಬೇಕಾಗಿದ್ದದ್ದು ಬರೀ ಹೊತ್ತಲ್ಲ. ಓದಿನ ತೊಂದರೆ ಬಲ್ಲವರು ನೋಡಬೇಕಿತ್ತು, ಬೇರೆ ಥರ ಕಲಿಸಬೇಕಿತ್ತು. ಆಮೇಲೆ ನೋಡಿಸಿದಾಗ ಅವನಿಗೆ ಡಿಸ್ಲೆಕ್ಸಿಯಾ (ಅಕ್ಷರ ಗುರುತಿಸಿ ಓದುವುದೇ ಕಷ್ಟವಾಗುವ ತೊಂದರೆ) ಅಂತ ಗೊತ್ತಾಯಿತು. ಹುಟ್ಟಿದ ದಿನಾಂಕ ನೋಡಿದ್ದರಿಂದ ಆ ಹುಡುಗನ ಬಗ್ಗೆ ಎಚ್ಚರ ಆಯಿತು. ಚಿಕ್ಕವರನ್ನು ತಪ್ಪಾಗಿ ಕೆಳಗೆ ಹಾಕುವುದು ಒಂದು ಕಡೆ, ನಿಜಕ್ಕೂ ಸಹಾಯ ಬೇಕಾದ ದೊಡ್ಡ ಮಗು ಅವರ ಗುಂಪಿನಲ್ಲಿ ಮರೆಯಾಗಿ ಹೋಗುವುದು ಇನ್ನೊಂದು ಕಡೆ. ಎರಡೂ ಒಂದೇ ಚಾಪೆಯ ಮೇಲೆ ನಡೆಯುತ್ತದೆ.

ಹಸಿರು ಚಾಪೆಯ ಆ ಒಬ್ಬ ಪುಟ್ಟ ಹುಡುಗಿಯನ್ನೂ ಮರೆಯಬಾರದು. ಗೋಡೆಯ ಮೇಲಿನ ಬರಹ, ಪೊಟ್ಟಣದ ಮೇಲಿನ ಬರಹ, ಕಂಡದ್ದೆಲ್ಲ ಓದುತ್ತಿದ್ದಳು. ಚಿಕ್ಕವರೆಲ್ಲ ಹಿಂದೆ ಬೀಳುತ್ತಾರೆ ಅಂತಲ್ಲ. ಸರಾಸರಿ ಒಂದು ಮಗುವಿನ ಬಗ್ಗೆ ಏನೂ ಹೇಳುವುದಿಲ್ಲ. ಆದರೆ ಒಂದು ಪಟ್ಟಿಯ ಬಗ್ಗೆ, ಆ ಪಟ್ಟಿ ಮಾಡಿದವರ ಬಗ್ಗೆ ತುಂಬ ಹೇಳುತ್ತದೆ.

ತಪ್ಪು ಅಳತೆ ಶಾಲೆಯ ಗೋಡೆಯೊಳಗೆ ನಿಲ್ಲುವುದೂ ಇಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 6ರಿಂದ 12 ವರ್ಷದ ಸುಮಾರು 9 ಲಕ್ಷ 38 ಸಾವಿರ ಮಕ್ಕಳ ದಾಖಲೆ ನೋಡಿ 2012ರಲ್ಲಿ ಒಂದು ಅಧ್ಯಯನ ಬಂತು. ಅಲ್ಲಿ ಕೊನೆಯ ದಿನಾಂಕ ಡಿಸೆಂಬರ್ 31. ಡಿಸೆಂಬರಿನಲ್ಲಿ ಹುಟ್ಟಿದ ಹುಡುಗರಿಗೆ ಎಡಿಎಚ್‌ಡಿ (ಗಮನ ನಿಲ್ಲದ, ಸುಮ್ಮನೆ ಕೂರಲಾಗದ ತೊಂದರೆ) ಅಂತ ಹೇಳುವ ಸಾಧ್ಯತೆ ಜನವರಿಯ ಹುಡುಗರಿಗಿಂತ ಶೇ 30ರಷ್ಟು ಜಾಸ್ತಿ ಇತ್ತು, ಹುಡುಗಿಯರಲ್ಲಿ ಶೇ 70ರಷ್ಟು. ಮಾತ್ರೆ ಕೊಡುವುದರಲ್ಲೂ ಇದೇ ಥರದ ಅಂತರ. ಒಂದು ಕಡೆ ಕೂರಲಾಗದ, ಗಮನ ಚದುರುವ ಮಗು. ಆರು ವರ್ಷದ ಮಗು ಏಳು ವರ್ಷದವರ ಪಕ್ಕದಲ್ಲಿ ಕೂತರೆ ಹಾಗೇ ಕಾಣುತ್ತದೆ. ಹೋಲಿಸಲು ಪಕ್ಕದಲ್ಲಿ ಯಾರಿದ್ದಾರೆ ಅನ್ನುವುದರ ಮೇಲೆ ಒಂದು ಮಗುವಿಗೆ ಕಾಯಿಲೆ ಇದೆಯೋ ಇಲ್ಲವೋ ಅನ್ನುವುದು ನಿಂತುಬಿಟ್ಟರೆ? ಈ ಅಂಕಿ ಓದಿದ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ.

ಹಾಗಾದರೆ ಒಂದು ವರ್ಷ ತಡವಾಗಿ ಸೇರಿಸೋಣವೇ?

ಅಪ್ಪ ಅಮ್ಮಂದಿರು ಮೊದಲು ಕೇಳುವುದು ಇದನ್ನೇ. ಕೆಲವು ಮಕ್ಕಳಿಗೆ ಅದು ಒಳ್ಳೆಯದೇ. ತಿಂಗಳು ತುಂಬದೆ ಹುಟ್ಟಿದವರಿಗಂತೂ ಆ ಅವಕಾಶ ಇರಲೇಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ. ಆದರೆ ಎಲ್ಲರಿಗೂ ಇದೇ ಮದ್ದು ಅಂದರೆ ಲೆಕ್ಕ ಕೂಡುವುದಿಲ್ಲ. ಗೆರೆಯನ್ನು ಎಲ್ಲಿ ಎಳೆದರೂ ಗೆರೆಯ ಪಕ್ಕದಲ್ಲಿ ಒಂದು ಮಗು ಇದ್ದೇ ಇರುತ್ತದೆ. ಜಪಾನಿನಲ್ಲಿ ಶಾಲೆಯ ವರ್ಷ ಏಪ್ರಿಲ್‌ನಲ್ಲಿ ಶುರು. ಅಲ್ಲಿ ಏಪ್ರಿಲ್ 2ರಂದು ಹುಟ್ಟಿದ ಮಗು ಕ್ಲಾಸಿಗೇ ದೊಡ್ಡದು. ಏಪ್ರಿಲ್ 1ರಂದು ಹುಟ್ಟಿದ್ದು ಹಿಂದಿನ ಬ್ಯಾಚಿಗೆ ಸೇರಿ ಅಲ್ಲಿ ಎಲ್ಲರಿಗಿಂತ ಚಿಕ್ಕದಾಗುತ್ತದೆ. ಒಂದೇ ಒಂದು ರಾತ್ರಿಯ ಅಂತರ. ಫಿನ್ಲೆಂಡಿನಲ್ಲಿ ಮಕ್ಕಳು ಏಳು ವರ್ಷ ತುಂಬುವ ವರ್ಷ ಶಾಲೆಗೆ ಸೇರುತ್ತಾರೆ. ಅಲ್ಲೂ ಡಿಸೆಂಬರಿನ ಮಗು ಚಿಕ್ಕದೇ. ಇನ್ನು, ಅನುಕೂಲ ಇರುವ ಮನೆಯವರು ಮಾತ್ರ ಒಂದು ವರ್ಷ ತಡ ಮಾಡಿದರೆ ಇನ್ನೂ ಕಷ್ಟ. ಅನುಕೂಲ ಇಲ್ಲದ ಮನೆಯ ಚಿಕ್ಕ ಮಗು ತನಗಿಂತ ಒಂದೂವರೆ ವರ್ಷ ದೊಡ್ಡವರ ಪಕ್ಕದಲ್ಲಿ ಕೂರಬೇಕಾಗುತ್ತದೆ.

ಚಿಕ್ಕವರು ಯಾವಾಗಲೂ ಇರುತ್ತಾರೆ. ಅದು ತೊಂದರೆಯಲ್ಲ. ಚಿಕ್ಕವರಾಗಿರುವುದನ್ನು ನಾವು ಏನೆಂದು ಓದುತ್ತೇವೆ, ಅದೇ ತೊಂದರೆ. ಬೆಳೆಯುವ ಸಿರಿ ಮೊಳಕೆಯಲ್ಲಿ ಅನ್ನುತ್ತೇವೆ. ಮಕ್ಕಳ ಬಗ್ಗೆ ಎಷ್ಟು ಸಲ ಈ ಮಾತು ಕೇಳಿದ್ದೇನೆ, ಆಡಿದ್ದೇನೆ. ಆದರೆ ಮೊಳಕೆ ನೋಡಿ ಮಾತಾಡುವವರು ಬಿತ್ತಿದ್ದು ಯಾವತ್ತು ಅಂತ ಮೊದಲು ಕೇಳಬೇಕು. ಹತ್ತು ದಿನ ಮೊದಲು ಬಿತ್ತಿದ ಸಾಲು ಗೇಣುದ್ದ ಬಂದಿರುತ್ತದೆ, ಆಮೇಲೆ ಬಿತ್ತಿದ ಸಾಲು ಆಗಷ್ಟೇ ತಲೆ ಎತ್ತಿರುತ್ತದೆ. ಎರಡನೇ ಸಾಲನ್ನು ನೋಡಿ ಬೀಜವೇ ಸರಿಯಿಲ್ಲ ಅಂತ ಯಾರೂ ನೀರು ಕಡಿಮೆ ಮಾಡುವುದಿಲ್ಲ.

ಆಮೇಲೆ ಮಾಡಿದ್ದು

ಮುಂದಿನ ವರ್ಷದಿಂದ ನನ್ನ ಪುಸ್ತಕದಲ್ಲಿ ಪ್ರತಿ ಹೆಸರಿನ ಮುಂದೆ ವರ್ಷ, ತಿಂಗಳು ಎರಡೂ ಬರೆದುಕೊಂಡೆ. 6 ವರ್ಷ 1 ತಿಂಗಳು. 6 ವರ್ಷ 10 ತಿಂಗಳು. ಬರವಣಿಗೆ ನೋಡುವಾಗ ಕಣ್ಣು ಮೊದಲು ಅಲ್ಲಿಗೆ ಹೋಗಬೇಕು ಅಂತ ಕೆಂಪು ಪೆನ್ನಿನಲ್ಲಿ ಬರೆದೆ. ಇಂಗ್ಲೆಂಡಿನ ಕೆಲವು ಪ್ರವೇಶ ಪರೀಕ್ಷೆಗಳಲ್ಲಿ ಅಂಕವನ್ನೇ ತಿಂಗಳ ಲೆಕ್ಕದಲ್ಲಿ ಸರಿದೂಗಿಸುತ್ತಾರೆ. ನನ್ನದು ಅಷ್ಟು ದೊಡ್ಡದೇನಲ್ಲ. ಆದರೆ ‘ನಿಧಾನ’ ಅಂತ ಬರೆಯಲು ಹೊರಟ ಕೈ ಎಷ್ಟೋ ಸಲ ಅಲ್ಲಿ ನಿಂತಿದೆ.

ಗುಂಪು ಪೂರ್ತಿ ಬಿಡಲಿಲ್ಲ. ಅಕ್ಷರ ಕಲಿಸುವ ಹತ್ತು ನಿಮಿಷಕ್ಕೆ ಯಾರಿಗೆ ಯಾವ ಅಕ್ಷರ ಬೇಕೋ ಅವರನ್ನು ಕರೆಯುತ್ತಿದ್ದೆ, ಕಲಿತ ಮೇಲೆ ಆ ಗುಂಪು ಕರಗುತ್ತಿತ್ತು. ಕಥೆಗೆ ಎಲ್ಲರೂ ಒಟ್ಟಿಗೆ. ಓದಲು ಬರಲಿ, ಬರದಿರಲಿ, ನರಿ ಯಾಕೆ ಹಾಗೆ ಮಾಡಿತು ಅನ್ನುವುದಕ್ಕೆ ಎಲ್ಲರ ಹತ್ತಿರವೂ ಉತ್ತರ ಇರುತ್ತಿತ್ತು. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಒಂದು, ಎರಡು, ಮೂರು ಎಣಿಸುತ್ತಿದ್ದೆ. ಮೂರು ಸೆಕೆಂಡ್ ಎಷ್ಟು ಉದ್ದ ಅಂತ ಕ್ಲಾಸಿನಲ್ಲಿ ನಿಂತು ಎಣಿಸಿದವರಿಗೇ ಗೊತ್ತು. ಇದರಲ್ಲಿ ಕೆಲಸ ಜಾಸ್ತಿ, ಗಲಾಟೆ ಜಾಸ್ತಿ, ತಯಾರಿ ಜಾಸ್ತಿ. ಕೆಲವು ದಿನ ಏನೂ ನಡೆಯದೆ ಸುಸ್ತಾಗಿ ಮನೆಗೆ ಹೋಗಿದ್ದೇನೆ. ಒಂದು ಕ್ಲಾಸಿನಲ್ಲಿ 31 ಮಕ್ಕಳು, ಒಬ್ಬರೇ ಟೀಚರ್ ಇರುವವರೆಗೆ ಯಾರೂ ಇದನ್ನು ದಿನಾ ಸರಿಯಾಗಿ ಮಾಡಲಾರರು. ಮಾಡದ ಟೀಚರ್‌ಗಳನ್ನು ನಾನು ದೂರುವುದಿಲ್ಲ. ಅವರಿಗೆ ಇನ್ನೊಬ್ಬ ಜೊತೆಗಾರರನ್ನು ಕೊಡಿ ಅಂತ ಕೇಳುತ್ತೇನೆ.

ಆದರೆ ಇದೆಲ್ಲ ಮುಂದಿನ ವರ್ಷದ ಮಕ್ಕಳಿಗೆ. ಆ ವರ್ಷದ ಮಕ್ಕಳಿಗೆ ನಾನು ಮಾಡಿದ್ದು ಇಷ್ಟೇ: ಆ ಅವಸರದ ಹುಡುಗನ ಅಮ್ಮ ಬಂದುಹೋದ ಮರುದಿನ ಬೆಳಿಗ್ಗೆ ಬೇಗ ಬಂದು ಮೂರೂ ಚಾಪೆ ಸುತ್ತಿ ಕಪಾಟಿನ ಮೇಲೆ ಇಟ್ಟೆ. ಮಕ್ಕಳು ಬಂದು ಖಾಲಿ ನೆಲ ನೋಡಿ ಎಲ್ಲಿ ಕೂರಬೇಕು ಅಂತ ಕೇಳಿದರು. ಎಲ್ಲಿ ಬೇಕಾದರೂ ಕೂತುಕೊಳ್ಳಿ ಅಂದೆ. ಸ್ವಲ್ಪ ಹೊತ್ತು ಗುಸುಗುಸು. ಆಮೇಲೆ ಚಾಪೆ ಇದ್ದ ಜಾಗಕ್ಕೇ ಹೋಗಿ, ಮೊದಲು ಹೇಗೆ ಕೂರುತ್ತಿದ್ದರೋ ಹಾಗೇ, ಮೂರು ಗುಂಪಾಗಿ ಕೂತರು. ಅವರು ಬೆರೆತು ಕೂರುವುದಕ್ಕೆ ತಿಂಗಳ ಮೇಲೆ ಹಿಡಿಯಿತು.

ಬೆಳ್ಳನೆಯ ಸೂರ್ಯ ಬಿಡಿಸಿದ್ದ ಆ ಹುಡುಗಿ ವರ್ಷದ ಕೊನೆಗೆ ಕಥೆ ಓದುತ್ತಿದ್ದಳು. ಬೆರಳಿಟ್ಟುಕೊಂಡು, ನಿಂತು ನಿಂತು, ಆದರೆ ತಾನಾಗಿ. ಕೊನೆಯ ವಾರ ಎಲ್ಲರೂ ನನಗೆ ಒಂದೊಂದು ಚಿತ್ರ ಬಿಡಿಸಿ ಕೊಟ್ಟರು. ಅವಳದು ಮತ್ತೆ ಬೆಟ್ಟ, ಹಕ್ಕಿ, ಸೂರ್ಯ. ಸೂರ್ಯ ಈ ಸಲ ಬೆಳ್ಳಗಿರಲಿಲ್ಲ. ಕಿತ್ತಳೆ ಬಣ್ಣ ಹಚ್ಚಿದ್ದಳು.